ಓಟದ ಪಾದರಕ್ಷೆಯನ್ನು ಆರಿಸುವ ವಿಚಾರ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯಾದವರು ವಿದ್ಯೆಯ ಮಹತ್ವವನ್ನಾಗಲಿ, ನಡತೆಯ ನಿಯಮಗಳನ್ನಾಗಲಿ ಕುರಿತು ಲೇಖನ ಬರೆಯುವುದು ಬಹುಕಾಲದ ವಾಡಿಕೆ. ಈ ಸಾರಿ ಆ ವಾಡಿಕೆಯನ್ನು ಬಿಟ್ಟು ಕಾಲಿಗೆ ಮೆಟ್ಟುವ ಬೂಟಿನ ವಿಷಯವನ್ನು ಎತ್ತಿಕೊಂಡಿರುವುದನ್ನು ನೋಡಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನಕ್ಕಾರು. ಪಾಲಕರಲ್ಲಿ ಕೆಲವರು ಇದೂ ಒಂದು ವಿಷಯವೇ ಎಂದಾರು. ಆದರೆ ಇದನ್ನು ಬರೆಯುವುದಕ್ಕೆ ನಮಗೆ ಎರಡು ಕಾರಣಗಳುಂಟು.

ಮೊದಲನೆಯ ಕಾರಣವು ಸಂತೋಷದ್ದು. ಈಚಿನ ವರ್ಷಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮುಂಜಾನೆ ಎದ್ದು ಓಡುವ ಅಭ್ಯಾಸವನ್ನು ಹಿಡಿದಿದ್ದಾರೆ. ದಾಂಡೇಲಿಯಲ್ಲಿ ಸಂಸಾರ ಹೂಡಿದವರು, ಹಳಿಯಾಳದಲ್ಲಿ ನೌಕರಿಯಲ್ಲಿರುವವರು, ಮುಂಡಗೋಡದಲ್ಲಿ ಅಂಗಡಿ ನಡೆಸುವವರು, ಹೀಗೆ ಬೇರೆ ಬೇರೆ ಸ್ಥಿತಿಯ ಹೆಂಗಸರು ಪದಕದ ಆಸೆಯಿಲ್ಲದೆ, ಮೈಮನಗಳ ಆರೋಗ್ಯಕ್ಕಾಗಿಯೂ ದಿನದಲ್ಲಿ ಅರ್ಧ ಗಂಟೆಯಾದರೂ ತಮ್ಮದೆಂದು ಇರಲಿ ಎಂಬ ಬಯಕೆಯಿಂದಲೂ ಓಡುತ್ತಾರೆ. ಇವರು ನಮ್ಮನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಅಕ್ಕೋರೆ, ಯಾವ ಬೂಟು ಕೊಳ್ಳಬೇಕು?" ಎರಡನೆಯ ಕಾರಣವು ಅಷ್ಟು ಸಂತೋಷದ್ದಲ್ಲ. ಅದು ನಮ್ಮದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಯೋಗ್ಯವೆಂದು ತೋರುತ್ತದೆ.

ನಾವು ಅಧ್ಯಾಪಿಕೆಯಾಗಿ ಹೊಸದಾಗಿ ಸೇರಿ, ಆಟಪಾಟಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದ ಕಾಲವದು. ವಾರ್ಷಿಕ ಕ್ರೀಡೋತ್ಸವದಲ್ಲಿ ಎಲ್ಲ ಹುಡುಗಿಯರೂ ಬಿಳಿಯ ಕ್ಯಾನ್ವಾಸ್ ಬೂಟನ್ನು ಹಾಕಿಕೊಂಡೇ ಓಡತಕ್ಕದ್ದೆಂದು ನಿಯಮ ಮಾಡಿದೆವು. ಬೋರ್ಡಿಂಗಿನ ಹುಡುಗಿಯರಿಗೆ ಇಂಥಿಂಥ ಇಯತ್ತೆಗೆ ಇಂಥಿಂಥ ನಂಬರು ಎಂದು ಯಾದಿ ಬರೆದು, ಬೆಳೆಯುವ ಮಕ್ಕಳೆಂಬ ನೆವದಿಂದ ಒಂದು ನಂಬರು ದೊಡ್ಡದನ್ನೇ ಒಟ್ಟಿಗೆ ತರಿಸಿದೆವು. ಜೋಯಿಡಾ ಕಡೆಯ ಕಾಡಿನ ಹಳ್ಳಿಯಿಂದ ಬಂದಿದ್ದ ಒಬ್ಬ ಹುಡುಗಿಯು ಎಂಟುನೂರು ಮೀಟರಿನ ಓಟದಲ್ಲಿ ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಎರಡನೆಯ ಸುತ್ತಿನ ಆರಂಭದಲ್ಲಿ ನಿಂತು, ಬೂಟುಗಳನ್ನು ಬಿಚ್ಚಿ ಬದಿಗೆಸೆದು, ಬರಿಗಾಲಿನಿಂದ ಓಡಿ ಎರಡನೆಯವಳಾಗಿ ಗುರಿ ಮುಟ್ಟಿದಳು. ನಿಯಮವನ್ನು ಮುರಿದಳೆಂದು ನಾವು ಅವಳ ಹೆಸರನ್ನು ಬಹುಮಾನದ ಯಾದಿಯಿಂದ ಹೊಡೆದುಹಾಕಿದೆವು. ಸಾಯಂಕಾಲ ಬೋರ್ಡಿಂಗಿನ ತಾಯಿಯವರು ಅವಳ ಕಾಲನ್ನು ತೊಳೆಯುವಾಗ ನಮ್ಮನ್ನು ಕರೆದು ತೋರಿಸಿದರು. ಎರಡು ಹಿಮ್ಮಡಿಗಳ ಚರ್ಮವೂ ಸುಲಿದಿತ್ತು. ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಬೂಟಿನ ಮುಂತುದಿಯಲ್ಲಿ ಅವಳು ತುರುಕಿಕೊಂಡಿದ್ದ ಬಟ್ಟೆಯ ಚೂರು ರಕ್ತದಲ್ಲಿ ನೆನೆದಿತ್ತು. ಮರುವರ್ಷ ಅವಳು ಓಟಕ್ಕೆ ಹೆಸರು ಕೊಡಲಿಲ್ಲ. ಕೇಳಿದಾಗ ತಲೆ ತಗ್ಗಿಸಿ, "ಓಡಾಕ ಬರ್ತೈತ್ರಿ ಅಕ್ಕೋರೆ, ಬೂಟಿನಾಗ ಓಡಾಕ ಬರಂಗಿಲ್ರಿ" ಎಂದಳು. ಆ ಮಾತಿನ ಅರ್ಥವನ್ನು ನಾವು ತಿಳಿಯಲು ಬಹಳ ವರ್ಷಗಳು ಹಿಡಿದವು. ತಿಳಿದುದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಬರಿಗಾಲಿನ ವಿಷಯ. ಬೂಟಿಲ್ಲದೆ ಓಡುವುದು ಅನಾಗರಿಕವೆಂದು ಎಣಿಸುವವರು ನಮ್ಮ ಸೀಮೆಯ ಚರಿತ್ರೆಯನ್ನು ಅರಿಯರು. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಪಂದ್ಯಗಳಲ್ಲಿ ಒಕ್ಕಲು ಮಕ್ಕಳು ಬರಿಗಾಲಿನಿಂದ ದೂರದ ಓಟ ಓಡುವುದನ್ನು ಕಂಡು ಸರ್ ದೋರಾಬ್ಜಿ ಟಾಟಾ ಅವರು ಬೆರಗಾದರು. ಅದರ ಫಲವಾಗಿ ೧೯೨೦ರಲ್ಲಿ ಬೆಲ್ಜಿಯಮಿನ ಆಂಟ್ವರ್ಪ್ ಪಟ್ಟಣದ ಒಲಿಂಪಿಕ್ ಕ್ರೀಡೆಗೆ ಹಿಂದುಸ್ತಾನದಿಂದ ಒಂದು ಸಣ್ಣ ತಂಡವು ಹೋಯಿತು. ಅದರಲ್ಲಿ ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರೂ ಇದ್ದರು. ಅವರು ೪೨ ಕಿಲೋಮೀಟರಿಗೂ ಮಿಕ್ಕಿದ ಮ್ಯಾರಥಾನ್ ಓಟವನ್ನು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ೧೯ನೆಯ ಸ್ಥಾನವನ್ನು ಪಡೆದರು. ಇನ್ನು ನಮ್ಮ ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿರುವ ಸಿದ್ದಿ ಜನರ ಮಕ್ಕಳ ಓಟವನ್ನು ನೋಡಿದವರಾರು ಮರೆತಾರು? ಭಾರತೀಯ ಕ್ರೀಡಾ ಪ್ರಾಧಿಕಾರವು ೧೯೮೦ರ ದಶಕದ ಕೊನೆಯಲ್ಲಿ ವಿಶೇಷ ಯೋಜನೆಯೊಂದರಂತೆ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದದ್ದು ನಮ್ಮ ಪಾಲಕರಲ್ಲಿ ಅನೇಕರಿಗೆ ನೆನಪಿರಬಹುದು. ಆ ಮಕ್ಕಳಲ್ಲಿ ಬಹುಮಂದಿ ಕಾಡುದಾರಿಯಲ್ಲಿ ಬರಿಗಾಲಿನಿಂದಲೇ ಓಡಿ ಬೆಳೆದವರು.

ದೂರದ ಇಥಿಯೋಪಿಯ ದೇಶದ ಅಬೆಬೆ ಬಿಕಿಲ ಎಂಬ ಓಟಗಾರನ ವೃತ್ತಾಂತವು ಇನ್ನೂ ಬೋಧಪ್ರದವಾಗಿದೆ. ೧೯೬೦ರಲ್ಲಿ ರೋಮ್ ನಗರದ ಒಲಿಂಪಿಕ್ ಮ್ಯಾರಥಾನಿನಲ್ಲಿ ಅವನು ಬರಿಗಾಲಿನಿಂದ ಓಡಿ ಜಯಶಾಲಿಯಾದನು. ಅಲ್ಲಿ ದೊರೆತ ಹೊಸ ಬೂಟುಗಳು ಕಾಲಿಗೆ ಒಗ್ಗಲಿಲ್ಲವಾದ್ದರಿಂದ ಅವುಗಳನ್ನು ಬಿಟ್ಟನೆಂದು ಹೇಳುತ್ತಾರೆ. ಅದೇ ಬಿಕಿಲನು ೧೯೬೪ರಲ್ಲಿ ಟೋಕಿಯೋ ನಗರದಲ್ಲಿ ಕಾಲಿಗೆ ಹೊಂದಿದ ಬೂಟು ಧರಿಸಿ ಓಡಿ, ಮೊದಲಿನದಕ್ಕಿಂತ ಮೂರು ನಿಮಿಷ ಕಡಿಮೆ ಹೊತ್ತಿನಲ್ಲಿ ಪುನಃ ಗೆದ್ದನು. ಈ ವೃತ್ತಾಂತದಿಂದ ಬರಿಗಾಲೇ ಶ್ರೇಷ್ಠವೆಂದಾಗಲಿ ಬೂಟೇ ಶ್ರೇಷ್ಠವೆಂದಾಗಲಿ ಸಿದ್ಧವಾಗುವುದಿಲ್ಲ. ಹೊಂದದ ಬೂಟಿಗಿಂತ ಬರಿಗಾಲು ಲೇಸು, ಹೊಂದಿದ ಬೂಟು ಕಾಲಿಗೆ ಸಹಾಯ, ಇಷ್ಟೇ ಇದರ ತಾತ್ಪರ್ಯ. ಹಾಗಾದರೆ ನಮ್ಮ ಹೆಂಗಸರು ಬರಿಗಾಲಿನಲ್ಲೇ ಓಡಬಾರದೇಕೆ? ಹುಟ್ಟಿನಿಂದ ಬರಿಗಾಲಿಗೆ ಒಗ್ಗಿದವರ ಮಾತು ಬೇರೆ. ಇಪ್ಪತ್ತು ವರ್ಷ ಚಪ್ಪಲಿ ಮೆಟ್ಟಿ ಮೆತ್ತಗಾದ ಅಂಗಾಲು ಗಾಜಿನ ಚೂರು, ಮುಳ್ಳು, ಮಧ್ಯಾಹ್ನದ ಡಾಂಬರಿನ ಕಾವು ಇವುಗಳನ್ನು ತಾಳಲಾರದು. ಮಳೆಗಾಲದ ಕೆಸರಿನಲ್ಲಿ ಕೊಕ್ಕೆಹುಳದ ಭಯವೂ ಉಂಟು. ಆದುದರಿಂದ ಹೆಚ್ಚಿನವರಿಗೆ ಬೂಟು ಬೇಕೇ ಬೇಕು. ಎಂಥದು ಎಂಬುದೇ ಪ್ರಶ್ನೆ.

ಪಾಲಕರಿಗೆ ಇಲ್ಲಿ ಒಂದು ವಿಶೇಷ ಮಾತು. "ಬೆಳೆಯುವ ಕಾಲು, ಒಂದು ನಂಬರು ದೊಡ್ಡದಿರಲಿ" ಎಂಬುದು ನಮ್ಮೆಲ್ಲರ ಮನೆಗಳಲ್ಲಿ ಕೇಳಿಬರುವ ಮಾತು. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ೨೦೨೧ರ ದಶಂಬರದಿಂದ ೨೦೨೨ರ ಮಾರ್ಚಿಯವರೆಗೆ ದೇಶದ ೭೯ ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರ ಪಾದಗಳನ್ನು ಯಂತ್ರದಿಂದ ಅಳೆದರು. ನಮ್ಮ ದೇಶದ ಹೆಣ್ಣುಮಕ್ಕಳ ಪಾದದ ಬೆಳವಣಿಗೆಯು ಸುಮಾರು ಹನ್ನೊಂದನೆಯ ವಯಸ್ಸಿಗೇ ತುದಿ ಮುಟ್ಟುವುದೆಂದೂ, ಗಂಡುಮಕ್ಕಳಲ್ಲಿ ಅದು ಹದಿನೈದು ಹದಿನಾರರವರೆಗೆ ಸಾಗುವುದೆಂದೂ ಅದರಿಂದ ತಿಳಿದುಬಂತು. ಅಂದರೆ ಎಂಟನೆಯ ಇಯತ್ತೆಗೆ ನಮ್ಮಲ್ಲಿಗೆ ಬರುವ ಹುಡುಗಿಯ ಕಾಲು ಬಹುಮಟ್ಟಿಗೆ ಬೆಳೆದು ಮುಗಿದಿರುತ್ತದೆ. ಅವಳಿಗೆ ದೊಡ್ಡ ಬೂಟನ್ನು ಕೊಟ್ಟರೆ ಅದು ಮೂರು ವರ್ಷವಾದರೂ ದೊಡ್ಡದಾಗಿಯೇ ಉಳಿಯುವುದು! ನಮ್ಮ ಹಳೆಯ ಯಾದಿಯ ತಪ್ಪು ಇಲ್ಲಿಯೇ ಇತ್ತು. ಅದೇ ಅಳತೆಯಿಂದ ಇನ್ನೊಂದು ಸಂಗತಿಯೂ ಹೊರಟಿತು: ನಮ್ಮ ಜನರ ಪಾದಗಳು ಸಾಮಾನ್ಯವಾಗಿ ಯುರೋಪಿನವರ ಪಾದಗಳಿಗಿಂತ ಅಗಲವಾಗಿವೆ. ಆದರೆ ನಾವು ಬಹುಕಾಲದಿಂದ ಇಂಗ್ಲಿಷರ ಅಳತೆಯ ಬೂಟನ್ನೇ ಮೆಟ್ಟುತ್ತ ಬಂದಿದ್ದೇವೆ. ಅಗಲ ಸಾಲದೆ ಬೆರಳು ನೋಯುವುದು, ಅದಕ್ಕಾಗಿ ಉದ್ದದ ದೊಡ್ಡ ನಂಬರನ್ನು ಕೊಳ್ಳುವುದು, ಆಗ ಹಿಮ್ಮಡಿ ಸಡಿಲಾಗಿ ಚರ್ಮ ಸುಲಿಯುವುದು, ಹೀಗೆ ಒಂದು ತಪ್ಪು ಇನ್ನೊಂದಕ್ಕೆ ದಾರಿಯಾಗುತ್ತದೆ. ಈ ಕಾರಣದಿಂದಲೇ ಭಾರತೀಯರಿಗಾಗಿ 'ಭಾ' ಎಂಬ ಹೊಸ ಅಳತೆಯ ಕ್ರಮವನ್ನು ಆ ಪಂಡಿತರು ಸೂಚಿಸಿದರು.

ಇನ್ನು ಅಳತೆಯ ಕ್ರಮವನ್ನು ಹೇಳುವೆವು. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿಯೇ ಪಾದವನ್ನು ಅಳೆದುಕೊಳ್ಳತಕ್ಕದ್ದು. ಸಾಯಂಕಾಲದ ಹೊತ್ತು ಉತ್ತಮ. ಯಾಕಂದರೆ ದಿನವೆಲ್ಲ ನಿಂತು ನಡೆದ ಪಾದವು ಮುಂಜಾನೆಗಿಂತ ಕೊಂಚ ಉಬ್ಬಿರುತ್ತದೆ, ಓಡುವಾಗಲೂ ಹಾಗೆಯೇ ಉಬ್ಬುತ್ತದೆ. ಗೋಡೆಗೆ ಹಿಮ್ಮಡಿಯನ್ನು ತಾಗಿಸಿ, ಕಾಗದದ ಮೇಲೆ ಎರಡು ಕಾಲಿನ ಮೇಲೂ ಸಮವಾಗಿ ಭಾರ ಬಿಟ್ಟು ನಿಂತು, ಮುಂದಕ್ಕೆ ಚಾಚಿದ ಬೆರಳಿನ ತುದಿಗೆ ಗುರುತು ಹಾಕಿಸಿ, ಗೋಡೆಯಿಂದ ಆ ಗುರುತಿನವರೆಗೆ ಸೆಂಟಿಮೀಟರುಗಳಲ್ಲಿ ಅಳೆಯಬೇಕು. ಎಲ್ಲರಿಗೂ ಹೆಬ್ಬೆರಳೇ ಉದ್ದವಲ್ಲ. ಹಲವರಿಗೆ ಎರಡನೆಯ ಬೆರಳು ಮುಂದಿರುತ್ತದೆ. ಎರಡು ಪಾದಗಳೂ ಒಂದೇ ಸಮ ಇರುವುದು ಅಪರೂಪ. ದೊಡ್ಡದಾದ ಪಾದಕ್ಕೆ ತಕ್ಕ ಬೂಟನ್ನು ಕೊಳ್ಳಬೇಕು. ತಾಯಂದಿರು ಇನ್ನೊಂದನ್ನು ನೆನಪಿಡಲಿ: ಬಸಿರು ಹೆರಿಗೆಗಳ ತರುವಾಯ ಅನೇಕ ಸ್ತ್ರೀಯರ ಪಾದವು ತುಸು ಉದ್ದವಾಗಿ ಹಾಗೆಯೇ ಉಳಿಯುತ್ತದೆ. ಕಾಲೇಜಿನ ದಿನಗಳ ನಂಬರನ್ನೇ ನಂಬಿ ಕೊಂಡ ಬೂಟು ಬಿಗಿಯಾಯಿತೆಂದು ಅಂಗಡಿಯವನನ್ನು ದೂರಬಾರದು.

ನಂಬರುಗಳ ಗೊಂದಲವೂ ದೊಡ್ಡದು. ಇಂಗ್ಲಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಒಂದು ಅಂಗುಲದ ಮೂರನೆಯ ಒಂದು ಪಾಲು, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು ಅಂತರ. ಯುರೋಪಿನ ಅಳತೆಯಲ್ಲಿ ಆ ಅಂತರವು ಸುಮಾರು ಆರೂಮುಕ್ಕಾಲು ಮಿಲಿಮೀಟರು. ಅಮೇರಿಕದ ಹೆಂಗಸರ ನಂಬರು ಇಂಗ್ಲಿಷ್ ನಂಬರಿಗಿಂತ ಸುಮಾರು ಎರಡು ಹೆಚ್ಚಿರುತ್ತದೆ. ಹೀಗಾಗಿ ಒಂದೇ ಕಾಲಿಗೆ ಐದು, ಏಳು, ಮೂವತ್ತೆಂಟು ಎಂಬ ಮೂರು ಹೆಸರುಗಳು ಬರಬಹುದು. ಇವುಗಳಲ್ಲಿ ತೊಳಲದೆ, ಬೂಟಿನ ನಾಲಿಗೆಯ ಒಳಬದಿಯ ಚೀಟಿಯಲ್ಲಿ ಸೆಂಟಿಮೀಟರಿನ ಗುರುತಿದ್ದರೆ ಅದನ್ನೇ ನೋಡುವುದು ಲೇಸು. ಅದೂ ಒಂದು ಸೂಚನೆ ಮಾತ್ರ. ಒಂದೇ ನಂಬರಿನ ಎರಡು ಕಂಪೆನಿಗಳ ಬೂಟುಗಳು ಒಂದೇ ಸಮ ಇರುವುದಿಲ್ಲ.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆಗಳು ಐದು. ನಮ್ಮ ಊರುಗಳಿಂದ ಬೂಟಿಗಾಗಿ ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಳಗಾವಿಗೋ ಬಸ್ಸಿನಲ್ಲಿ ಹೋಗುವವರು ಬರಿಗಾಲಿಗೆ ಚಪ್ಪಲಿ ಮೆಟ್ಟಿ ಹೋಗಿ, ಅಂಗಡಿಯವನ ತೆಳುವಾದ ಕಾಲುಚೀಲವನ್ನು ಹಾಕಿ ನೋಡುವುದುಂಟು. ಹಾಗೆ ಮಾಡದೆ, ಓಡುವಾಗ ಹಾಕುವ ಕಾಲುಚೀಲವನ್ನೇ ಜೊತೆಗೆ ಒಯ್ಯಬೇಕು.

ಒಂದನೆಯದು ಉದ್ದ. ಎರಡೂ ಬೂಟುಗಳನ್ನು ಹಾಕಿ ದಾರ ಕಟ್ಟಿ ಎದ್ದು ನಿಂತಾಗ, ಎಲ್ಲಕ್ಕಿಂತ ಉದ್ದವಾದ ಬೆರಳಿಗೂ ಬೂಟಿನ ತುದಿಗೂ ನಡುವೆ ಕೈಯ ಹೆಬ್ಬೆರಳಿನ ಅಗಲದಷ್ಟು, ಅಂದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ತೆರಪಿರಬೇಕು. ತೆರಪಿಲ್ಲದಿದ್ದರೆ ಇಳಿಜಾರಿನಲ್ಲಿ ಪಾದವು ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದು. ತೆರಪು ಅತಿಯಾದರೂ ಅದೇ ಫಲ, ಯಾಕಂದರೆ ಪಾದವು ಒಳಗೆ ತೂಗಾಡಿ ಪ್ರತಿ ಹೆಜ್ಜೆಗೂ ತುದಿಗೆ ಬಡಿಯುವುದು. ಎರಡನೆಯದು ಅಗಲ. ಬೆರಳುಗಳನ್ನು ಒಳಗೆ ಹರಡಲು, ಆಡಿಸಲು ಬರಬೇಕು; ಕಿರುಬೆರಳಿನ ಬಳಿ ಬೂಟು ಹೊರಕ್ಕೆ ಉಬ್ಬಿ ನಿಂತರೆ ಅದು ಇಕ್ಕಟ್ಟೆಂದು ತಿಳಿಯಬೇಕು. ಹೆಂಗಸರಿಗೆಂದು ಮಾಡಿದ ಬೂಟು ಇಕ್ಕಟ್ಟಾದರೆ ಗಂಡಸರ ಸಾಲಿನಿಂದ ಅದೇ ಉದ್ದದ್ದನ್ನು ತೆಗೆಸಿ ನೋಡಲು ಸಂಕೋಚ ಬೇಡ. ಅವು ಸಾಮಾನ್ಯವಾಗಿ ಅಗಲವಾಗಿರುತ್ತವೆ. ಮೂರನೆಯದು ಹಿಮ್ಮಡಿ. ನಡೆಯುವಾಗ ಹಿಮ್ಮಡಿ ಮೇಲಕ್ಕೆದ್ದು ಜಾರಬಾರದು. ಸ್ವಲ್ಪವೇ ಜಾರಿದರೆ ಎಲ್ಲಕ್ಕಿಂತ ಮೇಲಿನ ರಂಧ್ರದಲ್ಲಿ ದಾರವನ್ನು ಅದೇ ಬದಿಗೆ ಪೋಣಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ದಾರವನ್ನು ಅದರೊಳಗಿಂದ ಎಳೆದು ಕಟ್ಟಿದರೆ ಹಿಮ್ಮಡಿ ಕೂರುವುದು. ಬಹುಮಂದಿ ಆ ಕೊನೆಯ ರಂಧ್ರ ಏತಕ್ಕಿದೆಯೆಂದು ತಿಳಿಯದೆ ಹಾಗೇ ಬಿಡುತ್ತಾರೆ. ನಾಲ್ಕನೆಯದು ಬಾಗುವ ಸ್ಥಳ. ಬೂಟನ್ನು ಕೈಯಲ್ಲಿ ಹಿಡಿದು ಬಾಗಿಸಿದರೆ ಅದು ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಟ್ಟನಡುವೆ ಮಡಚಬಾರದು. ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಓಟ. ಅಂಗಡಿಯೊಳಗೆ ಗೀರು ಬೀಳದ ಹಾಗೆ ನಾಲ್ಕು ಹೆಜ್ಜೆ ನಡೆದು ಕುಳಿತರೆ ಸಾಲದು. ಓಡಿ ನೋಡಬಹುದೇ ಎಂದು ಕೇಳಿ, ಹೊರಗಿನ ಪಡಸಾಲೆಯಲ್ಲಾದರೂ ಇಪ್ಪತ್ತು ಮೂವತ್ತು ಹೆಜ್ಜೆ ಓಡಬೇಕು. ಸೀರೆಯುಟ್ಟ ಹೆಂಗಸು ಅಂಗಡಿಯ ಮುಂದೆ ಓಡಿದಳೆಂದು ಜನರು ನೋಡಿದರೆ ನೋಡಲಿ. ಬೂಟಿನ ನೋವನ್ನು ಅವರು ಅನುಭವಿಸುವುದಿಲ್ಲವಷ್ಟೆ.

ಈ ಪರೀಕ್ಷೆಗಳಲ್ಲಿ ಯಾವುದರಲ್ಲಾದರೂ ಒತ್ತಿದರೆ, ಕಚ್ಚಿದರೆ, "ನಾಲ್ಕು ದಿನ ಹಾಕಿದರೆ ಸಡಿಲಾಗುತ್ತದೆ ಬಾಯಾರೆ" ಎಂಬ ಸಮಾಧಾನವನ್ನು ಒಪ್ಪತಕ್ಕದ್ದಲ್ಲ. ಚರ್ಮದ ಚಪ್ಪಲಿಗೆ ಆ ಮಾತು ಸಲ್ಲುತ್ತಿತ್ತು. ಈಗಿನ ಓಟದ ಬೂಟುಗಳು ನೂಲಿನ ಬಲೆ, ರಬ್ಬರು, ನೊರೆಯಂಥ ಹಗುರಾದ ಫೋಮು ಇವುಗಳಿಂದಾದವು; ಮೊದಲ ದಿನ ಒತ್ತಿದ ಕಡೆ ನೂರನೆಯ ದಿನವೂ ಒತ್ತುವುದೇ ಹೆಚ್ಚು. ಮೊಬೈಲಿನಲ್ಲಿ ನೋಡಿ ತರಿಸುವವರು, ತಿರುಗಿ ಕಳುಹಿಸುವ ಸೌಕರ್ಯವಿದೆಯೇ ಎಂದು ಮೊದಲು ವಿಚಾರಿಸಿ, ಬಂದ ಬೂಟನ್ನು ಮನೆಯ ಒಳಗಿನ ನೆಲದ ಮೇಲೆ ಮಾತ್ರ ಹಾಕಿ ಇದೇ ಐದು ಪರೀಕ್ಷೆಗಳನ್ನು ಮಾಡಲಿ. ಮಣ್ಣು ಮೆಟ್ಟಿದ ಬೂಟನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳರು.

ಇಲ್ಲಿ ಕೆಲವರು ಕೇಳಬಹುದು: ಪಾದದ ಕಮಾನಿನ ಎತ್ತರವನ್ನು ನೋಡಿ, ಚಪ್ಪಟೆ ಪಾದಕ್ಕೆ ಒಂದು ಬಗೆ, ಕಮಾನು ಪಾದಕ್ಕೆ ಇನ್ನೊಂದು ಬಗೆ ಎಂದು ಬೂಟನ್ನು ವಿಧಿಸುವುದು ಶಾಸ್ತ್ರವಲ್ಲವೇ? ಬಹುಕಾಲ ಹಾಗೆಂದೇ ನಂಬಿದ್ದರು. ನಾವೂ ಒದ್ದೆಯ ಪಾದದ ಗುರುತನ್ನು ನೆಲದ ಮೇಲೆ ನೋಡಿ ಹುಡುಗಿಯರಿಗೆ ಉಪದೇಶ ಮಾಡಿದ್ದುಂಟು. ಆದರೆ ೨೦೦೯ ಮತ್ತು ೨೦೧೦ರಲ್ಲಿ ಪ್ರಕಟವಾದ ಅಮೇರಿಕದ ಸೈನ್ಯದ ಪರೀಕ್ಷೆಗಳಲ್ಲಿ, ಹೊಸದಾಗಿ ಸೇರಿದ ಸಾವಿರಾರು ಸೈನಿಕರಲ್ಲಿ ಅರ್ಧ ಮಂದಿಗೆ ಕಮಾನಿನ ಆಕಾರಕ್ಕೆ ತಕ್ಕ ಬೂಟನ್ನೂ ಉಳಿದವರಿಗೆ ಎಲ್ಲರಿಗೂ ಒಂದೇ ಬಗೆಯ ಬೂಟನ್ನೂ ಕೊಟ್ಟು ನೋಡಿದಾಗ, ಎರಡು ಗುಂಪಿನವರಿಗೂ ಆದ ಗಾಯಗಳಲ್ಲಿ ಹೇಳತಕ್ಕ ವ್ಯತ್ಯಾಸ ಕಾಣಲಿಲ್ಲ. ತರುವಾಯ ೨೦೧೫ರಲ್ಲಿ ಕೆನಡಾ ದೇಶದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ ಎಂಬ ಪಂಡಿತರೂ ಅವರ ಸಂಗಡಿಗರೂ ಈ ಬಗೆಯ ಸಂಶೋಧನೆಗಳನ್ನೆಲ್ಲ ಪರಾಮರ್ಶಿಸಿ, ಓಡುವವನಿಗೆ ತನ್ನ ಕಾಲಿಗೇ ಯಾವುದು ಸುಖವೆನಿಸುವುದೋ ಅದನ್ನು ಆರಿಸುವುದೇ ಒಳ್ಳೆಯ ಮಾರ್ಗವಾಗಿರಬಹುದೆಂದು ಪ್ರತಿಪಾದಿಸಿದರು. ಕ್ರಯದ ವಿಷಯವೂ ಹೀಗೆಯೇ. ೨೦೦೮ರಲ್ಲಿ ಸ್ಕಾಟ್ಲೆಂಡಿನ ಡಂಡಿ ನಗರದ ವೈದ್ಯರು ಅಗ್ಗದ, ಮಧ್ಯಮದ, ಹೆಚ್ಚು ಬೆಲೆಯ ಬೂಟುಗಳನ್ನು ಹೋಲಿಸಿ, ಅಂಗಾಲಿನ ಮೇಲೆ ಬೀಳುವ ಒತ್ತಡದಲ್ಲಾಗಲಿ ಹಾಕಿದವರ ಸುಖದಲ್ಲಾಗಲಿ ಬೆಲೆಗೆ ತಕ್ಕ ಹೆಚ್ಚುಗಾರಿಕೆಯನ್ನು ಕಾಣಲಿಲ್ಲ. ಆದುದರಿಂದ ದುಬಾರಿ ಬೂಟನ್ನು ಕೊಳ್ಳಲಾರೆವೆಂದು ಯಾರೂ ಓಟವನ್ನು ಬಿಡಬೇಕಾಗಿಲ್ಲ. ದುಬಾರಿಯದನ್ನು ಕೊಂಡೆವೆಂದು ನೋವನ್ನು ಸಹಿಸಬೇಕಾಗಿಯೂ ಇಲ್ಲ.

ಇನ್ನು ನಮ್ಮ ನೆಲ, ನಮ್ಮ ಮಳೆ. ಪೇಟೆಯ ಅಂಗಡಿಯವನು ಇದನ್ನು ಅರಿಯನು, ನಾವೇ ಹೇಳಬೇಕು. ದಾಂಡೇಲಿ ಪಟ್ಟಣದ ಒಳಗೂ ಹಳಿಯಾಳದ ಕಡೆಯ ಹೆದ್ದಾರಿಯ ಮೇಲೂ ಡಾಂಬರಿನಲ್ಲಿ ಓಡುವವರಿಗೆ ಮೆತ್ತನೆಯ ಪದರುಳ್ಳ, ಸಾದಾ ಅಟ್ಟೆಯ ಬೂಟು ಸಾಕು. ಮುಂಡಗೋಡದ ಬಯಲು ಸೀಮೆಗೆ ಹತ್ತಿದ ಸಮನಾದ ರಸ್ತೆಗಳಿಗೂ ಅದೇ ಆಗುವುದು. ಹಳಿಯಾಳದ ಗದ್ದೆಯ ಬದಿಯ ಮಣ್ಣುದಾರಿಯಲ್ಲಿ ಮೊದಲ ಮಳೆ ಬಿದ್ದ ಕೂಡಲೆ ಕೆಸರು ಅಟ್ಟೆಗೆ ಮೆತ್ತಿ ಬೂಟು ಸೇರಿನಷ್ಟು ಭಾರವಾಗುವುದು. ಅಲ್ಲಿ ಹಲ್ಲುಗಳು ದೂರದೂರವಿರುವ ಅಟ್ಟೆ ಮೇಲು, ಹಲ್ಲುಗಳು ಒತ್ತಾಗಿದ್ದರೆ ಕೆಸರು ಉದುರದು. ಜೋಯಿಡಾದ ಘಟ್ಟದ ದಾರಿಯಲ್ಲಿ ಜಂಬಿಟ್ಟಿಗೆಯ ಕಲ್ಲು, ಮರದ ಬೇರು, ಪಾಚಿ ಇವುಗಳ ಮೇಲೆ ಓಡುವವರಿಗೆ ಹಿಡಿತವುಳ್ಳ ಅಟ್ಟೆಯೂ ಬೆರಳಿನ ಮುಂದೆ ಗಟ್ಟಿಯಾದ ಕಟ್ಟೂ ಬೇಕು. ಅಟ್ಟೆ ಅತಿ ಎತ್ತರವಾಗಿದ್ದರೆ ಕಾಲು ಉಳುಕುವ ಭಯ ಹೆಚ್ಚು. ನೀರು ಒಳಸೇರದ ಬೂಟೆಂದು ಮಾರುವುದನ್ನು ನಮ್ಮ ಆಷಾಢದ ಮಳೆಗೆ ಕೊಳ್ಳಬೇಡಿರಿ. ಆ ಮಳೆಯಲ್ಲಿ ನೀರು ಮೇಲಿನಿಂದಲೇ ಒಳಹೊಕ್ಕು, ಹೊರಹೋಗಲು ದಾರಿಯಿಲ್ಲದೆ ನಿಲ್ಲುವುದು. ನೀರು ಬಂದಂತೆ ಹೋಗುವ ಬಲೆಯ ಬೂಟು ಬೇಗ ಒಣಗುವುದು. ಮಳೆಗಾಲದಲ್ಲಿ ಉದ್ದ ಕಾಲುಚೀಲ ಹಾಕಿದರೆ ಉಂಬಳದ ಕಾಟವೂ ತುಸು ಕಡಿಮೆ. ಕಾಲುಚೀಲವು ಹತ್ತಿಯದಾಗಿದ್ದರೆ ನೀರು ಹಿಡಿದು ಚರ್ಮವನ್ನು ಉಜ್ಜುವುದು. ಉಣ್ಣೆಯ ಅಥವಾ ಆಟದವರಿಗೆಂದು ಮಾಡಿದ ಕೃತಕ ನೂಲಿನ ಚೀಲವು ಮೇಲು.

ಒದ್ದೆಯಾದ ಬೂಟನ್ನು ಒಲೆಯ ಬದಿಗೆ ಇಟ್ಟು ಒಣಗಿಸುವುದು ನಮ್ಮ ಮನೆಗಳ ರೂಢಿ. ಇದು ಬೂಟಿನ ಆಯುಷ್ಯಕ್ಕೆ ಮಾರಕ. ಕಾವಿಗೆ ಅಂಟು ಬಿಡುವುದು, ಫೋಮು ಕುಗ್ಗುವುದು. ಒಳಹಾಸನ್ನು ಹೊರತೆಗೆದು, ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ಒಳಗೆ ತುಂಬಿ, ಒಂದೆರಡು ಗಂಟೆಗೊಮ್ಮೆ ಕಾಗದವನ್ನು ಬದಲಾಯಿಸಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಕಾಗದದ ಕಾರಖಾನೆಯಿರುವ ದಾಂಡೇಲಿಯವರಿಗೆ ಇದನ್ನು ಹೇಳಬೇಕೇ! ಪ್ರತಿ ದಿನ ಹಾಕುವ ಮುಂಚೆ ಬೂಟನ್ನು ತಲೆಕೆಳಗು ಮಾಡಿ ಜಾಡಿಸುವುದನ್ನು ಮರೆಯಬಾರದು. ಚೇಳು, ಕಪ್ಪೆ, ಮರಿಹಾವುಗಳಿಗೂ ಅದು ಬೆಚ್ಚಗಿನ ಮನೆ. ಹೊಸ ಬೂಟನ್ನು ಪೆಟ್ಟಿಗೆಯಲ್ಲಿಟ್ಟು ಹಬ್ಬಕ್ಕೆಂದು ಕಾದಿಡುವುದೂ ತಪ್ಪು. ಕೆಲವು ಬೂಟುಗಳ ಅಟ್ಟೆಯು ಪಾಲಿಯುರಥೇನ್ ಎಂಬ ದ್ರವ್ಯದಿಂದಾಗಿದ್ದು, ನಮ್ಮ ಮಲೆನಾಡಿನ ತೇವದಲ್ಲಿ ಹಾಕದೆ ಇಟ್ಟರೂ ಕೆಲವು ವರ್ಷಗಳಲ್ಲಿ ತಾನಾಗಿ ಪುಡಿಪುಡಿಯಾಗುತ್ತದೆ. ಹಾಕಿ ಓಡಿದರೆ ಬೂಟು ಸವೆಯುವುದೆಂದು ಹೆದರಿ ಇಟ್ಟವರಿಗೆ ಕಡೆಗೆ ಹಿಟ್ಟೇ ಗತಿ.

ಎಷ್ಟು ದಿನಕ್ಕೆ ಬದಲಿಸಬೇಕು? ಸಾಮಾನ್ಯವಾಗಿ ೫೦೦ರಿಂದ ೮೦೦ ಕಿಲೋಮೀಟರು ಓಡಿದ ಮೇಲೆ ಫೋಮಿನ ಪದರು ಬಾಳಿಕೆಯ ಕೊನೆಗೆ ಬರುವುದೆಂದು ಹೇಳುವರು. ವಾರಕ್ಕೆ ಹತ್ತು ಕಿಲೋಮೀಟರು ಓಡುವವರಿಗೆ ಇದು ಒಂದು ವರ್ಷದ ಮಾತು. ಮೇಲೆ ಬೂಟು ಹೊಳೆಯುತ್ತಿದ್ದರೂ ಒಳಗಿನ ಪದರು ಚಪ್ಪಟೆಯಾಗಿರಬಹುದು. ಮೊದಲು ಇಲ್ಲದ ನೋವು ಮೊಣಕಾಲಿನಲ್ಲೋ ಕೆಳಗಾಲಿನ ಎಲುಬಿನಲ್ಲೋ ಹೊಸದಾಗಿ ಕಾಣಿಸಿದರೆ ಬೂಟನ್ನೂ ಪರೀಕ್ಷಿಸಬೇಕು. ಆದರೆ ಎಲ್ಲ ನೋವಿಗೂ ಬೂಟೇ ಕಾರಣವೆನ್ನಲಾಗದು. ಹೊಸದಾಗಿ ಓಡಲು ತೊಡಗಿದವರಿಗೆ ಬರುವ ನೋವಿನ ದೊಡ್ಡ ಕಾರಣವು ಒಮ್ಮೆಲೇ ಹೆಚ್ಚು ಓಡುವುದು. ಎರಡು ನಿಮಿಷ ಓಡಿ ಎರಡು ನಿಮಿಷ ನಡೆದು, ವಾರಕ್ಕೆ ಮೂರು ದಿನದಿಂದ ಆರಂಭಿಸಿ, ಮೆಲ್ಲಮೆಲ್ಲನೆ ಏರಿಸಬೇಕು. ಹೊಸ ಬೂಟನ್ನೂ ಮೊದಲು ಮನೆಯಲ್ಲಿ, ಆಮೇಲೆ ಸಣ್ಣ ಓಟಕ್ಕೆ ಹಾಕಿ, ಹಳೆಯದನ್ನು ಒಂದೆರಡು ವಾರ ಸರದಿಯಲ್ಲಿ ಇಟ್ಟುಕೊಳ್ಳುವುದು ಒಳಿತು. ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು, ನಡೆದಾಗಲೂ ಬಿಡದ ನೋವು, ಬಾವು ಇವುಗಳಿಗೆ ವೈದ್ಯರನ್ನು ಕಾಣತಕ್ಕದ್ದು. ಸಿಹಿಮೂತ್ರದ ರೋಗವುಳ್ಳವರಿಗೆ ಅಂಗಾಲಿನ ಸ್ಪರ್ಶವೇ ಮಂದವಾಗಿರಬಹುದಾದ್ದರಿಂದ, ಸುಖವೆಂದು ತೋರಿದ ಬೂಟನ್ನೂ ನಂಬದೆ, ಪ್ರತಿ ಓಟದ ತರುವಾಯ ಪಾದಗಳನ್ನು ಕಣ್ಣಿನಿಂದ ನೋಡಿಕೊಳ್ಳಬೇಕು.

ಇಷ್ಟನ್ನೆಲ್ಲ ಹೇಳಿದ ಮೇಲೆ ಪಾಲಕರಲ್ಲಿ ನಮ್ಮ ಬಿನ್ನಹ ಒಂದೇ. ಮಗಳಿಗೆ ಬೂಟು ಕೊಳ್ಳುವಾಗ ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ. ತಂದೆಯವರು ಪೇಟೆಗೆ ಹೋದಾಗ ದಾರದಿಂದ ಅಳತೆ ತೆಗೆದುಕೊಂಡು ಹೋಗಿ ತರುವುದು, ಅಣ್ಣನ ಕಾಲಿಗೆ ಸಣ್ಣದಾದುದನ್ನು ತಂಗಿಗೆ ದಾಟಿಸುವುದು, ಈ ಪದ್ಧತಿಗಳು ನಮ್ಮಲ್ಲಿ ಇನ್ನೂ ನಡೆದಿವೆ. ಹಾಕಿದ ಬೂಟು ಹಾಕಿದವರ ಪಾದದ ಅಚ್ಚನ್ನು ಹಿಡಿದಿರುತ್ತದೆ. ಅದು ಇನ್ನೊಬ್ಬರಿಗೆ ಹೊಂದುವುದು ದೈವಯೋಗ. "ಎಲ್ಲಿ ಒತ್ತುತ್ತದೆ, ಹೇಳು" ಎಂದು ಅವಳನ್ನೇ ಕೇಳಿರಿ. ಉತ್ತರ ಕೊಡುವವರೆಗೆ ಕಾಯಿರಿ. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ಕಲಿತ ಹುಡುಗಿಯು ನೋಯುತ್ತದೆಂದು ಒಂದೇ ಮಾತಿಗೆ ಹೇಳಲಾರಳು. ಇದು ನಮಗೆ ಅನುಭವದಿಂದ ಗೊತ್ತು.

ಪಾಠಶಾಲೆಯ ಕಡೆಯಿಂದಲೂ ಕೆಲವು ಬದಲಾವಣೆಗಳಾಗಿವೆ. ಇಯತ್ತೆಗೆ ತಕ್ಕ ನಂಬರಿನ ಯಾದಿಯನ್ನು ಹರಿದುಹಾಕಿದ್ದೇವೆ. ಜೂನ್ ತಿಂಗಳಲ್ಲಿ ಮತ್ತು ಕ್ರೀಡೋತ್ಸವಕ್ಕೆ ಮುಂಚೆ ಪ್ರತಿಯೊಬ್ಬ ಹುಡುಗಿಯ ಎರಡೂ ಪಾದಗಳನ್ನು ಅಳೆಯುತ್ತೇವೆ. ಹುಲ್ಲಿನ ಮೈದಾನದ ಓಟಗಳಲ್ಲಿ ಬೂಟು ಹಾಕುವುದೂ ಬಿಡುವುದೂ ಓಡುವವಳ ಇಚ್ಛೆ. ಹಳೆಯ ವಿದ್ಯಾರ್ಥಿನಿಯರು ಪ್ರೀತಿಯಿಂದ ಕಳುಹಿಸುವ, ಸ್ವಲ್ಪವೇ ಹಾಕಿದ ಬೂಟುಗಳನ್ನು ಕಪಾಟಿನಲ್ಲಿ ಸೆಂಟಿಮೀಟರಿನ ಚೀಟಿ ಹಚ್ಚಿ ಜೋಡಿಸಿದ್ದೇವೆ. ಐದು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಜೋಡಿಯನ್ನು ಮಾತ್ರ ಹುಡುಗಿಗೆ ಕೊಡುತ್ತೇವೆ.

ಎಂಟುನೂರು ಮೀಟರಿನ ಆ ಹುಡುಗಿಯು ಈಗ ಇಬ್ಬರು ಮಕ್ಕಳ ತಾಯಿ. ಅವಳ ವಿಳಾಸವು ನಮ್ಮಲ್ಲಿದೆ. ಕ್ರೀಡೋತ್ಸವದ ಹಳೆಯ ದಾಖಲೆಯ ಪುಸ್ತಕವನ್ನು ಕಳೆದ ತಿಂಗಳು ತೆಗೆದು, ಹೊಡೆದುಹಾಕಿದ್ದ ಹೆಸರಿನ ಮೇಲೆ ಪುನಃ ಸ್ಪಷ್ಟವಾಗಿ ಬರೆದು, "ಎರಡನೆಯ ಸ್ಥಾನ" ಎಂದು ಗುರುತು ಮಾಡಿ, ಕೆಳಗೆ ನಮ್ಮ ಸಹಿಯನ್ನೂ ತಾರೀಖನ್ನೂ ಹಾಕಿದ್ದೇವೆ. ಈ ಸಂಚಿಕೆಯ ಒಂದು ಪ್ರತಿಯೊಂದಿಗೆ ಆ ಪುಟದ ನಕಲನ್ನೂ ಅವಳಿಗೆ ಕಳುಹಿಸುತ್ತಿದ್ದೇವೆ. ಮುಂದಿನ ಕ್ರೀಡೋತ್ಸವದಲ್ಲಿ ಹಳೆಯ ವಿದ್ಯಾರ್ಥಿನಿಯರ ಓಟವನ್ನೂ ಇಟ್ಟಿರುತ್ತೇವೆ. ಅವಳೂ ನೀವೆಲ್ಲರೂ ನಿಮ್ಮ ನಿಮ್ಮ ಕಾಲಿಗೆ ಒಪ್ಪಿದುದನ್ನು ಹಾಕಿಕೊಂಡು, ಇಲ್ಲವೆ ಏನನ್ನೂ ಹಾಕಿಕೊಳ್ಳದೆ, ಅವಶ್ಯವಾಗಿ ಬರಬೇಕೆಂದು ಕೋರುತ್ತೇವೆ.